ಮಧ್ಯಾಹ್ನದ ಬಟ್ಟಲು

ಹನ್ನೆರಡು ನಲವತ್ತಕ್ಕೆ ಅವನು ಮೊದಲ ಚಮಚವನ್ನು ಅಪ್ಪನ ಬಾಯಿಗಿಟ್ಟ. ಹನ್ನೆರಡು ಐವತ್ತಾದರೂ ಅದು ಗಂಟಲಿಗೆ ಇಳಿದಿರಲಿಲ್ಲ. ಬಾಯಿಯ ಬಲಗಡೆ, ನಾಲ್ಕು ವರ್ಷದ ಹಿಂದೆ ಪಾರ್ಶ್ವವಾಯು ಹೊಡೆದು ಸ್ವಾಧೀನ ತಪ್ಪಿದ ಕೆನ್ನೆಯೊಳಗೆ, ಅದು ಬಾಡಿಗೆ ಮನೆ ಹಿಡಿದ ಹಾಗೆ ನಿಶ್ಚಿಂತೆಯಿಂದ ಕೂತಿತ್ತು. ಅಪ್ಪನಾದರೋ ತನಗೂ ಆ ತುತ್ತಿಗೂ ಸಂಬಂಧವೇ ಇಲ್ಲವೆಂಬಂತೆ ಎದುರುಗೋಡೆ ನೋಡುತ್ತಿದ್ದರು. "ನುಂಗಿ ಅಪ್ಪ," ಎಂದ. ಅಪ್ಪ ಕಣ್ಣು ಮಿಟುಕಿಸಿದರು, ಅಷ್ಟೆ. ಅವನು ಕೈಗಡಿಯಾರ ನೋಡಿದ, ತಾನು ನೋಡಿದ್ದು ಗೊತ್ತಾಗಿ ನಾಚಿಕೆಪಟ್ಟ, ಆದರೂ ಮತ್ತೊಮ್ಮೆ ನೋಡಿದ. ಬಟ್ಟಲಲ್ಲಿ ಅಕ್ಕ ಬೆಳಿಗ್ಗೆಯೇ ಬೇಯಿಸಿ, ಅನ್ನ ತರಕಾರಿ ಬೇಳೆ ಎಲ್ಲ ಸೇರಿಸಿ ನುಣ್ಣಗೆ ಅರೆದಿಟ್ಟ ಊಟವಿತ್ತು. ಅವನ ಅಂದಾಜಿನಲ್ಲಿ ಮೂವತ್ತು ಚಮಚ. ಚಮಚಕ್ಕೆ ಹತ್ತು ನಿಮಿಷವಾದರೆ ಐದು ಗಂಟೆ. ಐದು ಗಂಟೆಯ ಹೊತ್ತಿಗೆ ಅಕ್ಕನೇ ಬಂದು ಬಾಗಿಲಲ್ಲಿ ನಿಂತಿರುತ್ತಾಳೆ, ಮೊದಲು ನೋಡುವುದು ಬಟ್ಟಲನ್ನೇ.

ಬೆಳಿಗ್ಗೆ ಎಂಟಕ್ಕೆ ಅಕ್ಕ ಇಸ್ತ್ರಿ ಮಾಡಿದ ನೀಲಿ ಸೀರೆ ಉಟ್ಟು, ಕಾಗದಪತ್ರಗಳ ಚೀಲ ಕಂಕುಳಲ್ಲಿಟ್ಟುಕೊಂಡು, ಚಪ್ಪಲಿ ಹಾಕಿಕೊಳ್ಳುತ್ತಲೇ ಹೇಳಿದ್ದಳು. "ಬೆನ್ನು ನೆಟ್ಟಗಿರಬೇಕು. ಕತ್ತು ಸ್ವಲ್ಪ ಮುಂದೆ. ಅವಸರ ಮಾಡಬೇಡ. ಮಾತಾಡಿಸ್ತಾ ತಿನ್ನಿಸು." ಏನು ಮಾತಾಡಲಿ ಎಂದು ಕೇಳಿದ್ದಕ್ಕೆ "ಏನಾದ್ರೂ. ನಾನು ಮಾತಾಡೋದನ್ನ ನೋಡಿಲ್ವಾ ನೀನು?" ಎಂದು ಅಪ್ಪನ ಕಡೆಗೊಮ್ಮೆ ಕಣ್ಣು ಹಾಯಿಸಿ, ಇನ್ನೇನೋ ಹೇಳುವವಳು ಹೇಳದೆ ಬಿಟ್ಟಿದ್ದಳು. ಆಮೇಲೆ ಅವನನ್ನು ಮೆಟ್ಟಿಲ ತನಕ ಕರೆದುಕೊಂಡು ಹೋಗಿ ದನಿ ತಗ್ಗಿಸಿದಳು. ಅಕ್ಕ ಬಸ್ ಡಿಪೋದಲ್ಲಿ ಡ್ಯೂಟಿ ಬರೆಯುವವಳು. ಯಾವ ಡ್ರೈವರಿಗೆ ಯಾವ ಬಸ್ಸು, ಯಾವ ಕಂಡಕ್ಟರಿಗೆ ಯಾವ ರಸ್ತೆ ಎಂದು ದಿನಾ ನೂರಿಪ್ಪತ್ತು ಜನರ ಹಣೆಬರಹ ಬರೆಯುವುದು ಅವಳ ಕೆಲಸ. ಡಿಪೋ ಹತ್ತು ನಿಮಿಷದ ದಾರಿಯಾದ್ದರಿಂದ ಮಧ್ಯಾಹ್ನ ಓಡಿ ಬಂದು ಅಪ್ಪನಿಗೆ ಊಟ ಮಾಡಿಸಿ ಓಡಿ ಹೋಗುತ್ತಿದ್ದಳು. ಈಗ ಸಂದರ್ಶನವಿದ್ದದ್ದು ಮುಖ್ಯ ಕಚೇರಿಯಲ್ಲಿ, ಇಡೀ ಊರಿನ ಬಸ್ಸುಗಳ ವೇಳಾಪಟ್ಟಿ ಮಾಡುವ ವಿಭಾಗದ ಮುಖ್ಯಸ್ಥೆಯ ಜಾಗಕ್ಕೆ. ಅಲ್ಲಿಂದ ಮಧ್ಯಾಹ್ನ ಓಡಿ ಬರುವುದು ಆಗದ ಮಾತು. "ನೋಡು," ಅಂದಳು, "ಎರಡು ಸಲ ಹೆಂಗಸರನ್ನ ಗೊತ್ತು ಮಾಡಿ ನೋಡಿದೆ. ಅವರ ಕೈಲಿ ಅಪ್ಪ ಬಾಯೇ ಬಿಡಲಿಲ್ಲ. ಇವತ್ತು ನೀನು ಊಟ ಮಾಡಿಸೋಕಾದ್ರೆ ಕೆಲಸ ಒಪ್ಕೋತೀನಿ. ಆಗ್ಲಿಲ್ಲಾಂದ್ರೆ ನನಗೆ ಈಗಿರೋ ಕುರ್ಚಿನೇ ಸಾಕು. ಮುಂದಿನ ವಾರ ಡಾಕ್ಟರು ತೂಕ ನೋಡ್ತಾರೆ. ಇಳಿದಿದ್ರೆ ಮೂಗಿಗೆ ನಳಿಕೆ ಹಾಕ್ತೀವಿ ಅಂದಿದ್ದಾರೆ, ನಾನು ಹಾಕಿಸಲ್ಲ." ಇಷ್ಟನ್ನು ಅವಳು ಅಂಗಡಿಯಿಂದ ಏನು ತರಬೇಕೆಂದು ಹೇಳುವ ದನಿಯಲ್ಲೇ ಹೇಳಿ, ಬಸ್ಸು ಬಂತೆಂದು ಓಡಿದ್ದಳು. ಐವತ್ತೊಂದರ ಹೆಂಗಸು ಸೀರೆ ಎತ್ತಿ ಹಿಡಿದು ಓಡುವುದನ್ನು ಅವನು ಮೆಟ್ಟಿಲ ಮೇಲೆ ನಿಂತು ನೋಡಿದ್ದ. ಬಸ್ಸಿನವನು ಅವಳಿಗಾಗಿ ನಿಲ್ಲಿಸಿಕೊಂಡಿದ್ದ. ಅವನ ಆ ದಿನದ ಡ್ಯೂಟಿ ಬರೆದವಳೂ ಅವಳೇ ಇರಬೇಕು.

ಮಾತಾಡಿಸ್ತಾ ತಿನ್ನಿಸು. ಅವನು ಕೆಲಸ ಮಾಡುವ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಅವನ ಉದ್ಯೋಗವೇ ಬೇರೆಯವರ ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆಂದು ಅಳೆಯುವುದು. ಒಂದು ಜೇಬು ಹೊಲಿಯಲು ಮೂವತ್ತೆಂಟು ಸೆಕೆಂಡು, ಒಂದು ಕಾಲರಿಗೆ ಐವತ್ತೆರಡು. ಹೊಲಿಯುವ ಹೆಂಗಸರ ಬೆನ್ನ ಹಿಂದೆ ನಿಂತು ಹಾಳೆಯಲ್ಲಿ ಗುರುತು ಹಾಕಿಕೊಳ್ಳುತ್ತಾನೆ. ಅವರು ಅವನಿಗೆ ಇಟ್ಟ ಹೆಸರು ಸೆಕೆಂಡು. "ಸೆಕೆಂಡು ಬಂತು ನೋಡ್ರೇ, ಉಸಿರು ಮೆಲ್ಲಗೆ ಬಿಡಿ," ಎಂದು ಅವನ ಕಿವಿಗೆ ಬೀಳುವಷ್ಟೇ ಮೆಲ್ಲಗೆ ಹೇಳಿ ನಗುತ್ತಾರೆ. ಅವನ ಹಾಳೆಯಲ್ಲಿ ಎರಡೇ ಕಾಲಂ: ಕೆಲಸ, ವ್ಯರ್ಥ. ಬಟ್ಟೆ ಎತ್ತಿಕೊಳ್ಳುವುದು ಕೆಲಸ, ದಾರ ಪೋಣಿಸುವುದು ಕೆಲಸ, ಪಕ್ಕದವಳ ಜೊತೆ ಮಾತಾಡುವುದು ವ್ಯರ್ಥ. ಹೋದ ತಿಂಗಳು ಕಾಜಾ ಹಾಕುವವಳೊಬ್ಬಳು, "ಅಲ್ಲ ಸಾರ್, ಅವಳ ಜೊತೆ ಮಾತಾಡ್ತಾ ಇರೋದಕ್ಕೇ ನನಗೆ ನಿದ್ದೆ ಬರ್ತಿಲ್ಲ. ರಾತ್ರಿಯೆಲ್ಲ ಅತ್ತೆಗೆ ಮಗ್ಗಲು ತಿರುಗಿಸಿ ಬಂದಿದ್ದೀನಿ. ಮಾತು ನಿಲ್ಲಿಸಿದ್ರೆ ಬೆರಳೇ ಹೊಲ್ಕೋತೀನಿ," ಎಂದಿದ್ದಳು. ಅವನು ನಕ್ಕು ವ್ಯರ್ಥ ಎಂದೇ ಬರೆದುಕೊಂಡಿದ್ದ. ಅದು ಈಗ ಯಾಕೆ ನೆನಪಾಯಿತೋ. "ಇವತ್ತು ಬಿಸಿಲು ಜೋರು ಅಪ್ಪ," ಎಂದ. ಅಪ್ಪ ಗೋಡೆ ನೋಡಿದರು. "ಕಿಟಕಿ ತೆಗೀಲಾ?" ತೆಗೆದ. "ಫ್ಯಾನು ಜಾಸ್ತಿ ಮಾಡ್ಲಾ?" ಅಪ್ಪನ ಕೆನ್ನೆಯೊಳಗಿನ ತುತ್ತು ಇದ್ದಲ್ಲೇ ಇತ್ತು. ಹೊಟ್ಟೆಯಲ್ಲಿ ಹುಟ್ಟಿದ ಮಗ, ನಲವತ್ತಾರು ವರ್ಷದ ಪರಿಚಯ, ಇಬ್ಬರ ನಡುವೆ ಬಿಸಿಲು ಫ್ಯಾನುಗಳನ್ನು ಬಿಟ್ಟರೆ ಮೂರನೆಯ ಮಾತಿರಲಿಲ್ಲ.

ಒಂದು ಹತ್ತಕ್ಕೆ ಅವನು ಒರಟನಾದ. ಎರಡನೆಯ ಚಮಚ ತಳ್ಳಿದರೆ ಮೊದಲನೆಯದು ತಾನಾಗಿ ಹಿಂದೆ ಸರಿದೀತೆಂದು ತುಟಿ ಬಿಡಿಸಿ ತುರುಕಿದ. ಅಪ್ಪನಿಗೆ ಕೆಮ್ಮು ಹತ್ತಿತು. ಮುಖ ಕೆಂಪಾಗಿ, ಕಣ್ಣಲ್ಲಿ ನೀರು ತುಂಬಿ, ಎಡಗೈ ಗಾಳಿಯಲ್ಲಿ ಏನನ್ನೋ ಹುಡುಕಿತು. ಅಪ್ಪನನ್ನು ಮುಂದಕ್ಕೆ ಬಾಗಿಸಿ ಬೆನ್ನು ತಟ್ಟಿದ. ಎರಡೂ ಚಮಚದ ಅನ್ನ ಅವನ ಅಂಗಿಯ ಮೇಲೆ ಬಂತು. ಸರಿಯಾಗಿ ಅದೇ ಹೊತ್ತಿಗೆ ಪಕ್ಕದ ಮನೆಯ ಟೈಲರಮ್ಮ ಕೆಮ್ಮು ಕೇಳಿ ಬಾಗಿಲು ತಳ್ಳಿಕೊಂಡು ಬಂದಳು. ಕೊರಳಲ್ಲಿ ಅಳತೆಯ ಟೇಪು, ಬಾಯಲ್ಲಿ ಗುಂಡುಸೂಜಿ. ಸೂಜಿ ತೆಗೆದು ಸೆರಗಿಗೆ ಚುಚ್ಚಿಕೊಂಡು, ಅವನ ಅಂಗಿಯನ್ನೂ ಅಪ್ಪನ ಬೆನ್ನ ಮೇಲಿದ್ದ ಅವನ ಕೈಯನ್ನೂ ನೋಡಿ, ಕಣ್ಣು ತುಂಬಿಕೊಂಡೇ ಬಿಟ್ಟಳು. "ಎಂಥಾ ಮಗನಪ್ಪ! ಗಂಡಸಾಗಿ ಹುಟ್ಟಿ ಅಪ್ಪನ ಎಂಜಲು ಬಳೀತಾ ಇದ್ದೀಯಲ್ಲ. ಈ ಕಾಲದಲ್ಲಿ ಯಾರು ಮಾಡ್ತಾರೆ? ನಿಮ್ಮಪ್ಪ ಪುಣ್ಯ ಮಾಡಿದ್ರು ಬಿಡು." ಅವನು ಹೆಗಲ ಮೇಲಿನ ಅನ್ನವನ್ನು ಒರೆಸಿಕೊಳ್ಳುತ್ತ, ಏನೂ ಇಲ್ಲ ಬಿಡಿ ಎಂದ. ನಿಜಕ್ಕೂ ಏನೂ ಇರಲಿಲ್ಲ. ಮೂವತ್ತು ನಿಮಿಷದಲ್ಲಿ ಅವನು ಮಾಡಿದ್ದು ಅಪ್ಪನನ್ನು ಸಾಯಿಸುವುದರ ಹತ್ತಿರ ಹೋಗಿ ಬಂದದ್ದು. ನಾಲ್ಕು ವರ್ಷದಲ್ಲಿ ಈ ಟೈಲರಮ್ಮ ಅಕ್ಕನಿಗೆ ಇಂಥ ಮಾತು ಹೇಳಿದ್ದನ್ನು ಅವನು ಕೇಳಿರಲಿಲ್ಲ. "ನಿಮ್ಮಕ್ಕ ಬ್ಲೌಸು ಹೊಲಿಯೋಕೆ ಕೊಟ್ಟು ಆರು ತಿಂಗಳಾಯ್ತು, ತಗೊಂಡೇ ಹೋಗಿಲ್ಲ, ಮರೆವು ಅವಳಿಗೆ," ಎಂದು ದೂರುವುದನ್ನು ಕೇಳಿದ್ದ. ಅವಳು ಹೋದ ಮೇಲೂ ಆ ಹೊಗಳಿಕೆ ಅವನ ಮೈಮೇಲೆ ಅನ್ನದ ಹಾಗೆಯೇ ಅಂಟಿಕೊಂಡಿತ್ತು.

ಅಂಗಿ ತೊಳೆದು ಹಿಂಡುವಾಗ ಒಂದು ಯೋಚನೆ ಬಂತು. ಬಂತು ಎನ್ನುವುದು ಸುಳ್ಳು. ಬೆಳಿಗ್ಗೆಯಿಂದ ಅದು ಒಳಗೇ ಕೂತಿತ್ತು, ಈಗ ಎದ್ದು ಬಂತು. ಸೋತರೆ ಅವನಿಗೆ ನಷ್ಟವೇನು? ಬಟ್ಟಲು ತುಂಬಿದ್ದರೆ ಅಕ್ಕ ನೋಡಿ, ಹೋಗಲಿ ಬಿಡು ಎಂದು ಸೆರಗು ಸಿಕ್ಕಿಸಿ ತಾನೇ ಕೂರುತ್ತಾಳೆ. ನಾಳೆ ಅವನು ಕಾರ್ಖಾನೆಗೆ ಹೋಗುತ್ತಾನೆ, ಭಾನುವಾರಕ್ಕೊಮ್ಮೆ ಹಣ್ಣು ಹಿಡಿದುಕೊಂಡು ಬಂದು ಹೋಗುತ್ತಾನೆ, ಎಲ್ಲ ಮೊದಲಿದ್ದ ಹಾಗೆ. "ಪಾಪ, ಪ್ರಯತ್ನ ಪಟ್ಟ" ಎಂಬ ಹೆಸರೂ ಉಳಿಯುತ್ತದೆ. ಗಂಡಸಿಗೆ ಇಂಥ ಸೋಲು ಎಷ್ಟು ಸುಖದ್ದು! ನಲ್ಲಿಯ ಕೆಳಗೆ ಕೈಯಿಟ್ಟು ನಿಂತವನಿಗೆ ಆ ಸುಖ ಮೊದಲೊಮ್ಮೆ ಉಂಡದ್ದೆಂದು ನೆನಪಾಯಿತು. ಹೋದ ವರ್ಷ ಇದೇ ಜಾಗ ಖಾಲಿಯಾಗಿತ್ತು. ಆಗ ಯಾರದೋ ಮದುವೆಯ ಊಟದಲ್ಲಿ ಡಿಪೋದ ಮ್ಯಾನೇಜರು ಅವನ ಪಕ್ಕದ ಕುರ್ಚಿಯಲ್ಲಿದ್ದರು. "ನಿಮ್ಮಕ್ಕನ ಹೆಸರು ಕಳಿಸೋಣ ಅಂತಿದ್ದೀನಿ. ಹೇಗೆ, ನಿಭಾಯಿಸ್ತಾರಾ?" ಎಂದು ಕೇಳಿದರು. ಅವನು ಗ್ಲಾಸಿನ ನೀರು ಕುಡಿದು, ಬಹಳ ಕಾಳಜಿಯಿಂದ, "ಬಂಗಾರದಂಥವಳು ಸಾರ್. ಆದ್ರೆ ಮನೆ ಕಡೆ ಭಾರ ಜಾಸ್ತಿ. ಈಚೀಚೆಗೆ ಸ್ವಲ್ಪ ಮರೆವು, ಏನೇನೋ ತಪ್ಪು ತಪ್ಪು ಹೇಳ್ತಾಳೆ. ಕಷ್ಟ ಆಗಬಹುದು ಪಾಪ," ಎಂದಿದ್ದ. ಆ ಜಾಗ ಬೇರೆ ಊರಿನ ಒಬ್ಬನಿಗೆ ಹೋಯಿತು. ಆ ಹೊಸಬ ವರ್ಷ ತುಂಬುವ ಮೊದಲೇ ಕೈಚೆಲ್ಲಿ ಬಿಟ್ಟ. ಅಕ್ಕನಿಗೆ ಒಳ್ಳೆಯದನ್ನೇ ಮಾಡಿದೆನೆಂದು ಅವನು ಎಷ್ಟೋ ದಿನ ನಂಬಿದ್ದ. ಮ್ಯಾನೇಜರಿಗೆ ಸುಳ್ಳೇನೂ ಹೇಳಿರಲಿಲ್ಲವಲ್ಲ. ಅಕ್ಕ ತಪ್ಪು ತಪ್ಪು ಹೇಳುತ್ತಿದ್ದುದನ್ನು ಅವನೇ ಕಿವಿಯಾರೆ ಕೇಳಿದ್ದ.

ಒಂದು ಭಾನುವಾರ, ಅಪ್ಪನ ಕೋಣೆ. ಅವನೂ ಹೆಂಡತಿಯೂ ಅಲ್ಲಿನ ಬೆಂಚಿನ ಮೇಲೆ. ಅಕ್ಕ ಅಪ್ಪನಿಗೆ ಊಟ ಮಾಡಿಸುತ್ತ ತನ್ನ ಪಾಡಿಗೆ ಹರಟುತ್ತಿದ್ದಳು. "ಗರಗಸದ ಹಲ್ಲು ದೊಡ್ಡದಿದ್ದಷ್ಟೂ ನಯವಾಗಿ ಕೊಯ್ಯುತ್ತಂತೆ ಅಲ್ವೇನಪ್ಪ?" ಅವನು ಪತ್ರಿಕೆಯಿಂದ ತಲೆಯೆತ್ತಿ, "ಅಯ್ಯೋ, ಬಡಗಿಯ ಮಗಳಾಗಿ ಇದೇನಕ್ಕ? ದೊಡ್ಡ ಹಲ್ಲಾದ್ರೆ ಒರಟಾಗಿ ಕೊಯ್ಯುತ್ತೆ," ಎಂದು ತಿದ್ದಿದ್ದ. ಅಪ್ಪನ ದವಡೆ ಅಲ್ಲೇ ನಿಂತುಬಿಟ್ಟಿತ್ತು. ಅಕ್ಕ ಚಮಚ ಬಟ್ಟಲಲ್ಲಿಟ್ಟು ಅವನನ್ನೊಮ್ಮೆ ನೋಡಿದಳು. ಆ ನೋಟವನ್ನು ಅವನು ಅವಮಾನವೆಂದು ಓದಿಕೊಂಡಿದ್ದ, ಪಾಪ ಅನ್ನಿಸಿತ್ತು. ಇನ್ನೊಂದು ಭಾನುವಾರ, "ಎದುರುಮನೆ ಬಾಗಿಲು ನೀನು ಮಾಡಿದ್ದಲ್ಲ ಬಿಡಪ್ಪ, ಅಂಗಡಿಯಿಂದ ತಂದಿದ್ದು." ಮಗದೊಂದು ಸಲ, "ಈ ಮಂಚಕ್ಕೆ ಎಷ್ಟು ಮೊಳೆ ಹೊಡೆದಿದ್ದೆ ನೀನು?" ಮೊಳೆಯನ್ನು ಕಂಡರೆ ಉರಿದುಬೀಳುತ್ತಿದ್ದ, ಕೀಲಿನ ಮೇಲೆ ಕೀಲು ಕೂಡಿಸಿ ಮಂಚ ನಿಲ್ಲಿಸುತ್ತಿದ್ದ ಮನುಷ್ಯನಿಗೆ ಈ ಪ್ರಶ್ನೆ! ಅವತ್ತು ಸ್ಕೂಟರಿನಲ್ಲಿ ಮನೆಗೆ ಹೋಗುವಾಗ, ಅಕ್ಕನ ತಲೆ ಕೆಡುತ್ತಿದೆ ಎಂದು ಅವನು ನಕ್ಕಿದ್ದ. ಹಿಂದೆ ಕೂತ ಹೆಂಡತಿ ನಗಲಿಲ್ಲ. "ಡಿಪೋದಲ್ಲಿ ನೂರಿಪ್ಪತ್ತು ಜನಕ್ಕೆ ಡ್ಯೂಟಿ ಬರೀತಾರಲ್ರೀ. ಅಲ್ಲಿ ಮರೆವು ಬರಲ್ವಂತಾ?" ಎಂದಿದ್ದಳು. ಹೆಂಗಸರು ಹೆಂಗಸರ ಪರವೇ ಮಾತಾಡುವುದು ಎಂದು ಅವನು ಗೇರು ಬದಲಿಸಿದ್ದ.

ಒದ್ದೆ ಅಂಗಿ ಕೈಯಲ್ಲಿ ಹಿಡಿದುಕೊಂಡೇ ಅವನು ನಿಂತುಬಿಟ್ಟ. ಅಲ್ಲಿ ಮರೆವು ಬರುವುದಿಲ್ಲವೇ? ಔಷಧಿಯ ಲೆಕ್ಕದಲ್ಲಿ ಅಕ್ಕ ತಪ್ಪಿದ್ದಿಲ್ಲ. ಅವನ ಮಕ್ಕಳ ಪರೀಕ್ಷೆಯ ತಾರೀಖು ಅವನಿಗಿಂತ ಮೊದಲು ಅವಳಿಗೆ ಗೊತ್ತಿರುತ್ತದೆ. ಅವಳ ತಪ್ಪುಗಳೆಲ್ಲ ಬಡಗಿ ಕೆಲಸದವು. ಅವೂ ಅಪ್ಪನ ಊಟದ ಹೊತ್ತಿನವು. ಅವನು ತಿದ್ದದೆ ಸುಮ್ಮನಿದ್ದ ದಿನಗಳಲ್ಲಿ ಏನಾಗುತ್ತಿತ್ತು? ಅಪ್ಪನ ಹುಬ್ಬು ಗಂಟಿಕ್ಕುತ್ತಿತ್ತು, ಮುಖ ಬಿಗಿಯುತ್ತಿತ್ತು, ಗಂಟಲ ಗಂಟು ಒಮ್ಮೆ ಮೇಲೆ ಹೋಗಿ ಕೆಳಗೆ ಬರುತ್ತಿತ್ತು, ಆಮೇಲೆ ಮಾತು. "ಮೊಳೆ ಇಲ್ಲ. ಒಂದೂ ಇಲ್ಲ." ಬಾಯಲ್ಲಿ ತುತ್ತಿಟ್ಟುಕೊಂಡು ಮಾತಾಡಿದರೆ ಮಕ್ಕಳ ಕಿವಿ ಹಿಂಡುತ್ತಿದ್ದ ಮನುಷ್ಯ ಅವರು, ಅರ್ಧ ಮೈ ಹೋದರೂ ಆ ಕಟ್ಟುನಿಟ್ಟು ಹೋಗಿರಲಿಲ್ಲ. ತಿದ್ದಬೇಕಾದರೆ ಮಾತಾಡಬೇಕು, ಮಾತಾಡಬೇಕಾದರೆ ನುಂಗಬೇಕು. ನುಂಗಿದ ಕೂಡಲೇ ಅಕ್ಕ ಮುಂದಿನ ಚಮಚ ಹಿಡಿದು, "ಹೌದಾ? ನನಗೆ ಗೊತ್ತೇ ಇರಲಿಲ್ಲ ನೋಡು," ಎಂದು ಬೆಪ್ಪಾಗುತ್ತಿದ್ದಳು.

ಅವನು ಅಡುಗೆಮನೆಯ ನೆಲದ ಮೇಲೆ ಕೂತ. ಲೆಕ್ಕ ಹಾಕುವುದು ಅವನಿಗೆ ಚಟ, ಹಾಕಿದ. ಮೂರು ಚಮಚಕ್ಕೊಂದು ತಪ್ಪೆಂದರೂ ಹೊತ್ತಿಗೆ ಹತ್ತು, ದಿನಕ್ಕೆ ಮೂವತ್ತು. ಹೇಳಿದ್ದೇ ಹೇಳಿದರೆ ಅಪ್ಪ ಕಿವಿಗೆ ಹಾಕಿಕೊಳ್ಳುವವರಲ್ಲ. ನಾಲ್ಕು ವರ್ಷ ದಿನಕ್ಕೆ ಮೂವತ್ತು ಹೊಸ ತಪ್ಪುಗಳನ್ನು ಒಬ್ಬಳು ಎಲ್ಲಿಂದ ತರುತ್ತಾಳೆ? ಸರಿ ಯಾವುದೆಂದು ಗೊತ್ತಿದ್ದವಳಿಗಷ್ಟೇ ಇಷ್ಟು ಅಚ್ಚುಕಟ್ಟಾಗಿ ತಪ್ಪು ಹೇಳಲು ಬರುತ್ತದೆ. ಒಮ್ಮೆ ಅವನು ಡಿಪೋದ ಹಿಂದಿನ ಶೆಡ್ಡಿನಲ್ಲಿ ಅವಳನ್ನು ಕಂಡಿದ್ದ. ಬಸ್ಸಿನ ಸೀಟು ರಿಪೇರಿ ಮಾಡುವ ಬಡಗಿಯ ಮುಂದೆ ನಿಂತು, ಉಳಿಯನ್ನು ಕೈಗೆ ತೆಗೆದುಕೊಂಡು ಏನೋ ಕೇಳುತ್ತಿದ್ದಳು. ಕೆಲಸದ ಹೊತ್ತಿನಲ್ಲಿ ಹರಟೆ ಎಂದುಕೊಂಡಿದ್ದ. ಅದು ಹರಟೆಯಲ್ಲ, ಅಪ್ಪನ ರಾತ್ರಿಯ ಊಟ. ಅಪ್ಪನ ಪಕ್ಕದಲ್ಲಿ ಹತ್ತು ವರ್ಷ ಮರದ ಪುಡಿಯಲ್ಲಿ ಆಡಿದ ಮಗನಿಗೆ ಬಾರದ ವಿದ್ಯೆಯನ್ನು ಅವಳು ಬಿಡುವಿಲ್ಲದ ದಿನದ ಎಲ್ಲೆಲ್ಲಿಂದಲೋ ಚೂರು ಚೂರು ಹೆಕ್ಕಿ ಕಲಿತು, ಆಮೇಲೆ ಅದನ್ನು ತಲೆಕೆಳಗು ಮಾಡಿ, ಎಲ್ಲರ ಮುಂದೆ ದಡ್ಡಿ ಅನ್ನಿಸಿಕೊಂಡು, ಚಮಚ ಚಮಚವಾಗಿ ಅಪ್ಪನನ್ನು ಉಳಿಸಿದ್ದಳು. ಅವನಿಗೆ ಅಳು ಬಂತು; ಜೊತೆಗೇ, ಇದು ಅವನಿಗೇ ವಿಚಿತ್ರವೆನಿಸಿತು, ಮೈಯೆಲ್ಲ ಹೆಮ್ಮೆ. ನನ್ನಕ್ಕ, ಎಂದುಕೊಂಡ. ಅಳತೆಯ ಕೆಲಸದಲ್ಲಿ ತಲೆ ನರೆತವನು ಇಷ್ಟು ದೊಡ್ಡ ಕಸುಬನ್ನು ಕಣ್ಣೆದುರೇ ಇಟ್ಟುಕೊಂಡು, ಮರೆವು ಎಂದು ಬರೆದುಕೊಂಡಿದ್ದ.

ಊಟ ಬಿಸಿ ಮಾಡಿ, ಬನಿಯನ್ನಿನಲ್ಲೇ ಬಂದು ಅಪ್ಪನ ಎದುರು ಕೂತ. ಒಂದು ಮುಕ್ಕಾಲು. ಚಮಚ ಬಾಯಿಗಿಟ್ಟು, ಗಂಟಲು ಸರಿಮಾಡಿಕೊಂಡು, "ಅಪ್ಪ, ತೇಗದ ಮರಕ್ಕೆ ಬೇಗ ಹುಳ ಹಿಡಿಯುತ್ತೆ ಅಲ್ವಾ?" ಎಂದ. ಅಪ್ಪ ಗೋಡೆಯಿಂದ ಕಣ್ಣು ತೆಗೆದು ಅವನನ್ನು ನೋಡಿದರು. ಬಹಳ ಹೊತ್ತು ನೋಡಿದರು. ಗಂಟಲು ಅಲುಗಲಿಲ್ಲ. "ಈ ಮಂಚಕ್ಕೆ ನಾಲ್ಕು ಡಜನ್ ಮೊಳೆ ಹೊಡೆದಿದ್ರಿ ಅಲ್ವಾ?" ಅಪ್ಪನ ಕಣ್ಣಲ್ಲಿ ಒಂದು ತಾತ್ಸಾರ ಕಾಣಿಸಿಕೊಂಡು ಹೋಯಿತು. ಅವನ ದನಿಯೇ ಸರಿಯಿರಲಿಲ್ಲ. ಅದು ತಪ್ಪು ಹೇಳುವವನ ದನಿಯಾಗಿರದೆ ಪರೀಕ್ಷೆ ಮಾಡುವವನ ದನಿಯಾಗಿತ್ತು. ಅಕ್ಕ ಅಪ್ಪನಿಗೆ ನೀನು ಎನ್ನುತ್ತಾಳೆ, ಅವನು ನೀವು. ಅವಳು ಬೆಪ್ಪಾಗುವಾಗ ನಿಜವಾಗಿಯೂ ಬೆಪ್ಪಾಗುತ್ತಾಳೆ, ಒಂದಿಷ್ಟೂ ಉಳಿಸಿಕೊಳ್ಳುವುದಿಲ್ಲ. ಅವನು ಹಾಗಲ್ಲ. ಈ ಮನುಷ್ಯನ ಮುಂದೆ ತಪ್ಪು ಮಾಡಿ ಸಿಕ್ಕಿಬೀಳಬಾರದೆಂದೇ ಅವನು ಇಡೀ ಬದುಕನ್ನು ಕಟ್ಟಿಕೊಂಡಿದ್ದ. ಕಸುಬು ಬಿಟ್ಟು ಓದಿದ್ದು ಅದಕ್ಕೇ, ಬೇರೆಯವರ ತಪ್ಪು ಹಿಡಿಯುವ ಕೆಲಸಕ್ಕೆ ಸೇರಿದ್ದೂ ಅದಕ್ಕೇ ಇರಬೇಕು. ಈಗ ಅಪ್ಪನ ಹೊಟ್ಟೆಗೆ ಅನ್ನ ಹೋಗಬೇಕಾದರೆ ಅವನು ಸಿಕ್ಕಿಬೀಳಲೇಬೇಕಾಗಿತ್ತು.

ಹನ್ನೆರಡು ವರ್ಷದವನಾಗಿದ್ದಾಗ ಅವನೊಂದು ಸ್ಟೂಲು ಮಾಡಿದ್ದ. ಕಾಲುಗಳಿಗೆ ಅಪ್ಪ ಪೆನ್ಸಿಲಿನಲ್ಲಿ ಗೆರೆ ಹಾಕಿಕೊಟ್ಟಿದ್ದರು, ಕೊಯ್ದದ್ದು ಅವನು. ಸ್ಟೂಲು ಅಲ್ಲಾಡಿತು, ಒಂದು ಕಾಲು ಉಗುರಿನಷ್ಟು ಮೋಟು. "ನೀವೇ ಗೆರೆ ತಪ್ಪು ಹಾಕಿದ್ರಿ," ಎಂದು ಅವನು ನಾಲ್ಕು ಜನ ಗಿರಾಕಿಗಳ ಮುಂದೆ ಕೂಗಿದ್ದ. ಅಪ್ಪ ಅವನ ಕೈಯಿಂದ ಗರಗಸ ತೆಗೆದುಕೊಂಡು ಗೋಡೆಗೆ ನೇತುಹಾಕಿದರು, ಆಮೇಲೆ ಯಾವತ್ತೂ ಕೊಡಲಿಲ್ಲ. ಸ್ಟೂಲು ಯಾವಾಗಲೋ ಒಲೆಗೆ ಹೋಯಿತು. ಅದರ ಮಾತನ್ನು ಇಬ್ಬರೂ ಎತ್ತಿರಲಿಲ್ಲ.

"ಅವತ್ತಿನ ಸ್ಟೂಲು," ಎಂದ. "ಆ ಸ್ಟೂಲು ಅಲ್ಲಾಡಿದ್ದು ನಿನ್ನಿಂದಲೇ ಅಪ್ಪ. ಗೆರೆ ನೀನೇ ತಪ್ಪು ಹಾಕಿದ್ದೆ." ನೀನು ಎಂಬುದು ಹೇಗೋ ಬಾಯಿಂದ ಬಂದುಬಿಟ್ಟಿತ್ತು. ಅಪ್ಪನ ಎಡಹುಬ್ಬು ಏರಿತು. ಎಡಗೈ ಹೊದಿಕೆಯನ್ನು ಹಿಡಿಯಿತು. ಗಂಟಲ ಗಂಟು ಮೇಲೆ ಹೋಯಿತು, ಅಲ್ಲೇ ಒಂದು ಗಳಿಗೆ ನಿಂತಿತು, ಕೆಳಗೆ ಬಂತು.

"ಗೆರೆ ಸರಿ," ಎಂದರು ಅಪ್ಪ. ಮಾತು ಒಂದೊಂದಾಗಿ, ಒದ್ದೆ ಮರದಿಂದ ಎಳೆದ ಹಾಗೆ ಬಂತು. "ನೀನು... ಗೆರೆ ಒಳಗೆ... ಕೊಯ್ದೆ. ಹೊರಗೆ ಕೊಯ್ಯಬೇಕು."

"ಸುಳ್ಳು," ಎಂದ ಅವನು, ಎರಡನೆಯ ಚಮಚ ಇಡುತ್ತ. "ಗೆರೆ ಮೇಲೇ ಕೊಯ್ದಿದ್ದೆ. ಪೆನ್ಸಿಲು ಮೊಂಡಾಗಿತ್ತು ನಿಂದು."

ಗಂಟು ಮೇಲೆ, ಗಂಟು ಕೆಳಗೆ. "ನನ್ನ ಪೆನ್ಸಿಲು... ಯಾವತ್ತೂ... ಮೊಂಡಾಗಿಲ್ಲ."

ಮೂವತ್ತನಾಲ್ಕು ವರ್ಷ ಉಳಿದುಹೋಗಿದ್ದ ಜಗಳವನ್ನು ಅವರು ಅವತ್ತು ಮಧ್ಯಾಹ್ನ ಆಡಿ ಮುಗಿಸಿದರು. ಕಾಲು ಯಾವುದೆಂದು ಜಗಳ, ಮರ ಹಸಿಯಾಗಿತ್ತೋ ಒಣಗಿತ್ತೋ ಎಂದು ಜಗಳ, ಗಿರಾಕಿಗಳು ನಾಲ್ಕೋ ಮೂರೋ ಎಂದು ಜಗಳ. ಪ್ರತಿಯೊಂದರಲ್ಲೂ ಅವನು ಸೋತ. ಕೆಲವು ಬೇಕೆಂದೇ ಸೋತ. ಬಹಳಷ್ಟು ನಿಜವಾಗಿಯೂ ಗೊತ್ತಿಲ್ಲದೆ ಸೋತ, ಅವೇ ಚೆನ್ನಾಗಿ ಕೆಲಸ ಮಾಡಿದವು. ಒಮ್ಮೆ, ಹೌದು, ತಪ್ಪು ನಂದೇ, ಎಂದು ಒಪ್ಪಿಕೊಂಡಾಗ ಅಪ್ಪ ನುಂಗುವುದನ್ನೇ ನಿಲ್ಲಿಸಿದರು. ಅವನು ನಾಲಿಗೆ ಕಚ್ಚಿಕೊಂಡು, "ಆದ್ರೆ ಉಗುರಿನಷ್ಟಲ್ಲ, ಕೂದಲೆಳೆಯಷ್ಟು," ಎಂದು ಮತ್ತೆ ಶುರು ಮಾಡಬೇಕಾಯಿತು. ಬಟ್ಟಲಿನ ತಳ ಕಾಣಿಸಿದಾಗ ಅವನು ಗಡಿಯಾರ ನೋಡಿರಲಿಲ್ಲ. ಬಾಯಿ ಒರೆಸಿ, ಅಕ್ಕ ಮಾಡುವುದನ್ನು ಕಂಡಿದ್ದಂತೆ ಬೆರಳು ಹಾಕಿ ಕೆನ್ನೆಯ ಒಳಗೆ ತಡವಿದ. ಏನೂ ಉಳಿದಿರಲಿಲ್ಲ. ಅಪ್ಪ ದಣಿದು ದಿಂಬಿಗೊರಗಿದರು. ಅವನು ಎದ್ದು ಹೊರಟಾಗ ಹಿಂದಿನಿಂದ ದನಿ ಬಂತು.

"ಅವಳು," ಎಂದರು ಅಪ್ಪ. ಉಸಿರೆಳೆದುಕೊಂಡರು. "ನಿನಗಿಂತ... ಚೆನ್ನಾಗಿ... ತಪ್ಪು ಹೇಳ್ತಾಳೆ."

ಅವನು ಬಟ್ಟಲು ಹಿಡಿದುಕೊಂಡು ನಿಂತ. ಅಪ್ಪನ ಮುಖದಲ್ಲಿ ಅವನು ಅಪರೂಪಕ್ಕೆ ಕಂಡಿದ್ದ ಒಂದು ಕಳೆ ಇತ್ತು. ಬೇರೆ ಯಾರೋ ಬಡಗಿ ಮಾಡಿದ ಬಾಗಿಲಿನ ಮೇಲೆ ಕೈಯಾಡಿಸಿ, ಸಂದು ಸಿಗದೆ ತಲೆದೂಗುವಾಗ ಬರುತ್ತಿದ್ದಂಥದ್ದು. "ಗೊತ್ತಾ ನಿನಗೆ?" ಎಂದ ಅವನು. "ಎಷ್ಟು ದಿನದಿಂದ?" "ಹೇಳ್ಬೇಡ ಅವಳಿಗೆ," ಎಂದು ಅಪ್ಪ ಕಣ್ಣು ಮುಚ್ಚಿದರು.

ಅಕ್ಕ ಬಂದದ್ದು ಐದಕ್ಕೆ ಹತ್ತು ನಿಮಿಷವಿರುವಾಗ. ಚಪ್ಪಲಿ ಬಿಟ್ಟವಳೇ ನೇರ ಅಪ್ಪನ ಕೋಣೆಗೆ ಹೋದಳು, ಮಲಗಿದ್ದವರ ತುಟಿ ಮೆಲ್ಲಗೆ ಸರಿಸಿ ಕೆನ್ನೆ ನೋಡಿದಳು, ಅಡುಗೆಮನೆಗೆ ಬಂದು ಬಟ್ಟಲು ನೋಡಿದಳು. "ಚೆಲ್ಲಿಲ್ಲ ತಾನೆ?" ಎಂದಳು. ಇಲ್ಲ ಎಂದ. "ಪೂರ್ತಿನಾ?" ಪೂರ್ತಿ ಎಂದ. ಅವಳು ಅವನ ಮುಖ ನೋಡಿದಳು, ಬನಿಯನ್ನು ನೋಡಿದಳು, ಏನೋ ಗೊತ್ತಾದವಳಂತೆ ಒಂದು ಸಣ್ಣ ನಗೆ ನಕ್ಕು ಗೋಡೆಗೊರಗಿ ಕೂತಳು. ದಿನವಿಡೀ ಬಿಗಿ ಹಿಡಿದ ಹೆಗಲು ಆಗ ಇಳಿಯಿತು. "ಕೊಟ್ರು ಕಣೋ," ಅಂದಳು. "ಸೋಮವಾರದಿಂದ. ನಾಳೆ ಬೆಳಿಗ್ಗೆ ಒಪ್ಪಿಗೆ ಬರೆದುಕೊಡಬೇಕು." ಆಮೇಲೆ ಅಲ್ಲಿ ನಡೆದದ್ದನ್ನು ಹುಡುಗಿಯ ಹಾಗೆ ಕೈ ಆಡಿಸಿಕೊಂಡು ಹೇಳಿದಳು. ಐದು ಜನ ಕೂತಿದ್ದರಂತೆ, ಐವರೂ ಗಂಡಸರು. ಮೊದಲನೇ ಪ್ರಶ್ನೆಯೇ, ನಿಮಗೆ ಮರೆವು ಅಂತ ಕೇಳಿದ್ದೆವಲ್ಲ ನಿಜವೇ, ಎಂದು. "ನನಗೆ ತಲೆಬುಡ ಗೊತ್ತಾಗಲಿಲ್ಲ. ಸರಿ ಅಂತ ಡಿಪೋದ ನಾಳೆ ಡ್ಯೂಟಿ ಪಟ್ಟಿನ ಬಾಯಲ್ಲೇ ಹೇಳೋಕೆ ಶುರು ಮಾಡಿದೆ. ನಲವತ್ತನೇ ಬಸ್ಸಿಗೆ ಬಂದಾಗ ಸಾಕು ಸಾಕು ಅಂದ್ರು." ನಕ್ಕಳು. ನಗು ನಿಂತಿತು. "ಹೋದ ವರ್ಷಾನೂ ಇದೇ ಕಾರಣಕ್ಕೇ ಬಿಟ್ರಂತೆ. ಯಾರು ಹಬ್ಬಿಸಿದ್ರೋ ಪುಣ್ಯಾತ್ಮರು."

ಸುಮ್ಮನಿದ್ದರೂ ನಡೆಯುತ್ತಿತ್ತು. ಅವಳು ಉತ್ತರಕ್ಕೆ ಕಾಯುತ್ತಲೂ ಇರಲಿಲ್ಲ, ಹಾಲು ಕಾಯಿಸಲು ಎದ್ದಿದ್ದಳು. "ನಾನೇ ಅಕ್ಕ," ಎಂದ ಅವನು. "ಮದುವೆ ಊಟದಲ್ಲಿ ನಿಮ್ಮ ಮ್ಯಾನೇಜರು ಕೇಳಿದ್ರು. ತಪ್ಪು ತಪ್ಪು ಹೇಳ್ತಾಳೆ ಅಂತ ನಾನೇ ಹೇಳಿದೆ. ನನಗೆ ಗೊತ್ತಿರಲಿಲ್ಲ. ಇವತ್ತು ಗೊತ್ತಾಯ್ತು." ಅಕ್ಕ ಹಾಲಿನ ಪಾತ್ರೆಯನ್ನು ಕೆಳಗಿಟ್ಟಳು. ಬೈಯುತ್ತಾಳೆಂದು ಕಾದ, ಬೈಯಲಿಲ್ಲ. ಅಳುತ್ತಾಳೆಂದು ಕಾದ, ಅದೂ ಇಲ್ಲ. "ಒಂದು ವರ್ಷ ಕಣೋ," ಎಂದಳು ಕೊನೆಗೆ, ಅವನ ಕಡೆ ತಿರುಗದೆ. "ನನ್ನ ಒಂದು ವರ್ಷ ಹೋಯ್ತು." ಅವಳು ಒಲೆ ಹಚ್ಚಿದಳು, ಹಾಲಿಟ್ಟಳು, ಅದು ಉಕ್ಕುವ ತನಕ ಎದುರೇ ನಿಂತಳು. "ಸೋಮವಾರದಿಂದ ಮಧ್ಯಾಹ್ನ ನಿಂದು," ಎಂದಳು.

"ಎಷ್ಟು ದಿನ ಅಕ್ಕ?" ಯೋಚಿಸುವ ಮೊದಲೇ ಮಾತು ಹೊರಬಿದ್ದಿತ್ತು.

ಅಕ್ಕ ತಿರುಗಿದಳು. ಸಿಟ್ಟಿರಲಿಲ್ಲ, ನಿಜವಾಗಿಯೂ ತಿಳಿದುಕೊಳ್ಳಬೇಕೆಂಬಂತೆ ಕೇಳಿದಳು. "ನಾಲ್ಕು ವರ್ಷದ ಹಿಂದೆ ಈ ಪ್ರಶ್ನೆನ ನಾನು ಯಾರನ್ನ ಕೇಳಬೇಕಿತ್ತು ಹೇಳು?"

ಅವನು ಹಿತ್ತಿಲಿಗೆ ಹೋಗಿ ಕಾರ್ಖಾನೆಯ ದೊಡ್ಡ ಸಾಹೇಬರಿಗೆ ಫೋನು ಮಾಡಿದ. ತಂತಿಯ ಮೇಲೆ ಹಾಕಿದ್ದ ಅವನ ಅಂಗಿ ಅಷ್ಟರಲ್ಲಿ ಒಣಗಿತ್ತು. ಸೋಮವಾರದಿಂದ ದಿನಾ ಹನ್ನೆರಡರಿಂದ ಎರಡೂವರೆ ತನಕ ಹೊರಗೆ ಹೋಗಬೇಕು, ಬೆಳಿಗ್ಗೆ ಬೇಗ ಬರುತ್ತೇನೆ, ಸಂಜೆ ಕೂತು ಮುಗಿಸುತ್ತೇನೆ ಎಂದ. ಎಷ್ಟು ದಿನ ಎಂದು ಅವರೂ ಕೇಳಿದರು. ಗೊತ್ತಿಲ್ಲ ಎಂದ. ಅಂಥದ್ದೇನು ಬಂತು ಎಂದರು. ಅಪ್ಪನಿಗೆ ಊಟ ಮಾಡಿಸಬೇಕು ಎಂದ. ಆ ಕಡೆ ಕುರ್ಚಿ ಕಿರುಗುಟ್ಟಿದ ಸದ್ದು. ಇನ್ನು ಮೇಲೆ ಬಡ್ತಿ ಗಿಡ್ತಿ ಅಂತ ನನ್ನ ಹತ್ತಿರ ಬರಬೇಡಿ ಎಂದರು. ಆಗಲಿ ಎಂದ. ಅಷ್ಟಕ್ಕೂ ಅವರಿಗೆ ಸಮಾಧಾನವಾಗಲಿಲ್ಲ.

"ಅಲ್ಲ ಕಣ್ರೀ, ನಿಮ್ಮನೇಲಿ ಹೆಂಗಸರು ಯಾರೂ ಇಲ್ವೇನ್ರೀ?"

"ಇದ್ದಾರೆ ಸಾರ್," ಎಂದ ಅವನು. "ಅವರು ಕೆಲಸಕ್ಕೆ ಹೋಗಬೇಕು."